ಡಾಲೆಕ್ ಎಲ್ಲರಿಗೂ ಗೊತ್ತಾದ ಬಗೆ

ಬ್ರಿಟನ್ನಿನ ಮಕ್ಕಳು ತಮ್ಮ ಸುತ್ತಲಿನ ಜೀವಲೋಕವನ್ನು ಎಷ್ಟರಮಟ್ಟಿಗೆ ಬಲ್ಲರು ಎಂದು ಅಲ್ಲಿನ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆ 2008ರಲ್ಲಿ ಒಂದು ಸಮೀಕ್ಷೆ ನಡೆಸಿತು. ಅರ್ಧದಷ್ಟು ಮಕ್ಕಳಿಗೆ ಜೇನುನೊಣ ಯಾವುದು, ಕಣಜದ ಹುಳು ಯಾವುದು ಎಂದು ಹೇಳಲಾಗಲಿಲ್ಲ. ಡಾಲೆಕ್ ಯಾವುದೆಂದು ಮಾತ್ರ ಹತ್ತರಲ್ಲಿ ಒಂಬತ್ತು ಮಕ್ಕಳು ಹೇಳಿದರು. ಡಾಲೆಕ್ ಇರುವುದು ಸ್ಕಾರೋ ಎಂಬ ಕಲ್ಪಿತ ಗ್ರಹದಲ್ಲಿ, ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯೊಳಗೆ.

ಪರಿಸರದ ಕಾಳಜಿಯುಳ್ಳವರು ಕಳವಳಪಟ್ಟರು. ಪಡಬೇಕಾದ್ದೇ. ಆದರೆ ಈ ಫಲಿತಾಂಶಕ್ಕೆ ಇನ್ನೊಂದು ಮುಖವೂ ಇದೆ. ಆ ಒಂಬತ್ತು ಮಕ್ಕಳೂ ಧಾರಾವಾಹಿಯ ಅಭಿಮಾನಿಗಳಾಗಿರಲು ಸಾಧ್ಯವಿಲ್ಲ. ಒಂದು ಕಂತನ್ನೂ ಪೂರ್ತಿ ನೋಡದ ಅಜ್ಜ ಅಜ್ಜಿಯರಿಗೂ ಬ್ರಿಟನ್ನಿನಲ್ಲಿ ಡಾಲೆಕ್ ಗೊತ್ತು. ಕಥೆ ಗೊತ್ತಿಲ್ಲದವರ ತಲೆಯಲ್ಲೂ ಒಂದು ಅನ್ಯಗ್ರಹ ಜೀವಿಯ ರೂಪ ಹೀಗೆ ಅಚ್ಚೊತ್ತಿದ್ದು ಹೇಗೆ?

ಡಾಕ್ಟರ್ ಹೂ ಶುರುವಾದದ್ದು 1963ರ ನವೆಂಬರ್ 23ರಂದು. ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್ ಅದರ ಮೊದಲ ಕಥೆಯ ನಿರ್ದೇಶಕರು. ಶನಿವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡುವಂಥ, ಮಕ್ಕಳಿಗೆ ಒಂದಿಷ್ಟು ಇತಿಹಾಸ, ವಿಜ್ಞಾನ ತಿಳಿಸುವಂಥ ಕಾರ್ಯಕ್ರಮ ಬೇಕೆಂಬುದು ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಅವರ ಆಸೆಯಾಗಿತ್ತು. ಉಬ್ಬುಗಣ್ಣಿನ ಅಗ್ಗದ ರಾಕ್ಷಸರು ಮಾತ್ರ ಬೇಡವೇ ಬೇಡ ಎಂದು ಅವರು ಕಟ್ಟಪ್ಪಣೆ ಮಾಡಿದ್ದರು. ಎರಡನೇ ಕಥೆಗೆ ಲೇಖಕ ಟೆರಿ ನೇಷನ್ ಬರೆದುಕೊಟ್ಟದ್ದು ಡಾಲೆಕ್‌ಗಳ ಕಥೆ. ನ್ಯೂಮನ್ ಸಿಟ್ಟಾದರು. ಚಿತ್ರೀಕರಣಕ್ಕೆ ಸಿದ್ಧವಾದ ಬೇರೆ ಕಥೆ ಕೈಯಲ್ಲಿರಲಿಲ್ಲ, ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಕೂಡ ಕಥೆಯ ಪರವಾಗಿ ನಿಂತರು. ಡಾಲೆಕ್ ಬದುಕಿಕೊಂಡಿತು.

ನೇಷನ್ ಅವರ ಬೇಡಿಕೆ ಒಂದೇ: ವೇಷ ತೊಟ್ಟ ಮನುಷ್ಯನಂತೆ ಅದು ಕಾಣಕೂಡದು. ಉದ್ದನೆಯ ಲಂಗದಡಿ ಪಾದ ಕಾಣದಂತೆ ಜಾರುತ್ತಾ ಸಾಗುವ ಜಾರ್ಜಿಯಾ ದೇಶದ ನರ್ತಕಿಯರ ನಡಿಗೆ ಅವರ ಮನಸ್ಸಿನಲ್ಲಿತ್ತು. ಇದನ್ನು ಕಾಗದಕ್ಕಿಳಿಸುವ ಕೆಲಸ ಬಿಬಿಸಿಯ ಸಂಬಳದ ವಿನ್ಯಾಸಕಾರ ರೇಮಂಡ್ ಕ್ಯೂಸಿಕ್ ಪಾಲಿಗೆ ಬಂತು. ಮೊದಲು ಈ ಕೆಲಸಕ್ಕೆ ಗೊತ್ತಾಗಿದ್ದವರು, ಮುಂದೆ ‘ಏಲಿಯನ್’ ಸಿನಿಮಾ ಮಾಡಿ ಇನ್ನೊಂದು ಅನ್ಯಗ್ರಹ ಜೀವಿಯನ್ನು ಲೋಕಪ್ರಸಿದ್ಧಗೊಳಿಸಿದ ರಿಡ್ಲಿ ಸ್ಕಾಟ್.

ಕ್ಯೂಸಿಕ್ ಕೆಲಸ ಮಾಡಿದ ರೀತಿ ನೋಡಿ. ಒಳಗೊಬ್ಬ ಮನುಷ್ಯ ಇರಲೇಬೇಕು, ಅವನು ಗಂಟೆಗಟ್ಟಲೆ ನಿಂತರೆ ದಣಿಯುತ್ತಾನೆ. ಹಾಗಾಗಿ ಕುರ್ಚಿಯ ಮೇಲೆ ಕೂತ ಮನುಷ್ಯನನ್ನು ಬರೆದುಕೊಂಡರು, ಅವನ ಸುತ್ತ ಒಂದು ಗೆರೆ ಎಳೆದರು. ಕೆಳಗೆ ಅಗಲ, ಮೇಲೆ ಕಿರಿದು, ನೆತ್ತಿಗೆ ಗುಮ್ಮಟ. ಗುಮ್ಮಟದಿಂದ ಹೊರಚಾಚಿದ ಕೋಲಿನ ತುದಿಯಲ್ಲಿ ಒಂಟಿ ಕಣ್ಣು. ಮುಂದೆ ಎರಡು ತೋಳು: ಒಂದು ಬಂದೂಕು, ಇನ್ನೊಂದು ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು ಸಿಕ್ಕಿಸಿದ ಕೋಲು. ದುಡ್ಡು ಕಡಿಮೆ ಇದ್ದುದರಿಂದ ಬಂದ ತೋಳು ಅದು. ಇದು ಹೇಗೆ ಚಲಿಸಬೇಕೆಂದು ತಯಾರಕರಿಗೆ ತೋರಿಸಲು ಕ್ಯೂಸಿಕ್ ಊಟದ ಮೇಜಿನ ಮೇಲೆ ಮೆಣಸಿನಪುಡಿಯ ಡಬ್ಬಿಯನ್ನು ಜಾರಿಸಿದರು. ಡಬ್ಬಿ ನೋಡಿಯೇ ಡಾಲೆಕ್ ಹುಟ್ಟಿತೆಂಬ ಕಥೆ ಆಮೇಲೆ ಹಬ್ಬಿತು. ಅಕ್ಸ್‌ಬ್ರಿಜ್‌ನ ಶಾಕ್ರಾಫ್ಟ್ ಸಂಸ್ಥೆ ನಾಲ್ಕನ್ನು ಕಟ್ಟಿಕೊಟ್ಟಿತು. ಒಳಗೆ ಕೂತ ನಟ ಕಾಲಿನಿಂದ ನೆಲ ಒದ್ದುಕೊಂಡು ಗಾಲಿ ಉರುಳಿಸಬೇಕು, ತೋಳು ಆಡಿಸಬೇಕು, ಮಾತಿನ ಲಯಕ್ಕೆ ನೆತ್ತಿಯ ದೀಪಗಳನ್ನು ಮಿನುಗಿಸಬೇಕು. ಬಾಯಿಲ್ಲದ ಜೀವಿಗಳಲ್ಲಿ ಮಾತಾಡುತ್ತಿರುವುದು ಯಾವುದು ಎಂದು ನೋಡುವವರಿಗೆ ತಿಳಿಯಲು ದೀಪವೊಂದೇ ದಾರಿ. ಧ್ವನಿ ಕೊಟ್ಟವರು ಪೀಟರ್ ಹಾಕಿನ್ಸ್ ಮತ್ತು ಡೇವಿಡ್ ಗ್ರಹಾಂ. ಅದನ್ನು ಲೋಹದ ಕರ್ಕಶ ದನಿಯಾಗಿಸಿದವರು ಬಿಬಿಸಿಯ ಧ್ವನಿತಂತ್ರಜ್ಞ ಬ್ರಯಾನ್ ಹಾಡ್ಜ್‌ಸನ್.

1963ರ ಡಿಸೆಂಬರ್ 21ರ ಕಂತಿನ ಕೊನೆಯಲ್ಲಿ ಡಾಲೆಕ್ ಕಾಣುವುದೇ ಇಲ್ಲ. ಬಾರ್ಬರಾ ಎಂಬ ಪಾತ್ರ ಗೋಡೆಗೆ ಒರಗಿ ಕಿರುಚುತ್ತಾಳೆ. ಅವಳತ್ತ ಚಾಚಿದ ಆ ರಬ್ಬರ್ ಬಟ್ಟಲಿನ ತೋಳಷ್ಟೇ ಪರದೆಯ ಮೇಲಿರುತ್ತದೆ. ಪೂರ್ಣರೂಪ ಕಾಣಲು ಜನ ಒಂದು ವಾರ ಕಾಯಬೇಕಾಯಿತು. ಆ ಕಥೆ ಮುಗಿಯುವ ಹೊತ್ತಿಗೆ ನೋಡುಗರ ಸಂಖ್ಯೆ ಒಂದು ಕೋಟಿ ದಾಟಿತ್ತು.

ಶಾಲೆಯ ಅಂಗಳದಲ್ಲಿ ಮಕ್ಕಳು ಕೈ ನೆಟ್ಟಗೆ ಚಾಚಿ, ಕಾಲು ಎತ್ತದೆ ಜಾರುತ್ತಾ ‘ಎಕ್ಸ್‌ಟರ್ಮಿನೇಟ್’ (ನಿರ್ನಾಮ ಮಾಡು) ಎಂದು ಡಾಲೆಕ್‌ಗಳಂತೆ ಕೂಗತೊಡಗಿದರು. ವೇಷವೂ ಬೇಡ, ಬಣ್ಣವೂ ಬೇಡ, ಕೈ ಮತ್ತು ಗಂಟಲು ಇದ್ದರೆ ಸಾಕು. ಟಿವಿ ಇಲ್ಲದ ಮನೆಯ ಮಗುವೂ ಡಾಲೆಕ್ ಆಗಬಹುದಿತ್ತು. ಅಭಿಮಾನಿಗಳ ವಲಯ ದಾಟಿ ಅದು ಹೊರಬಿದ್ದದ್ದು ಮುಖ್ಯವಾಗಿ ಹೀಗೆ ಎಂಬುದು ನನ್ನ ನಂಬಿಕೆ. 1964ರಲ್ಲಿ ಬಂದ ತಮ್ಮ ಎರಡನೇ ಕಥೆಯಲ್ಲಿ ಡಾಲೆಕ್‌ಗಳು ವೆಸ್ಟ್‌ಮಿನ್‌ಸ್ಟರ್ ಸೇತುವೆ, ಟ್ರಫಾಲ್ಗರ್ ಚೌಕಗಳಲ್ಲೇ ಓಡಾಡಿದವು. ಮರುವರ್ಷ ಪೀಟರ್ ಕುಶಿಂಗ್ ನಟಿಸಿದ ಸಿನಿಮಾ ಬಂತು. ಆಟಿಕೆಗಳು ಅಂಗಡಿ ತುಂಬಿದವು. 1999ರಲ್ಲಿ ಅಂಚೆಚೀಟಿಯ ಮೇಲೂ ಡಾಲೆಕ್ ಬಂತು.

ಇಷ್ಟೆಲ್ಲ ಪ್ರಚಾರ ಸಿಕ್ಕರೆ ಯಾವುದನ್ನಾದರೂ ಜನ ಗುರುತಿಸುತ್ತಾರೆ ಎನ್ನಬಹುದು. ಬಿಬಿಸಿಯೂ ಹಾಗೇ ಅಂದುಕೊಂಡಿತು. 1965ರಲ್ಲಿ ಡಾಲೆಕ್‌ಗಳಿಗೆ ಎದುರಾಳಿಯಾಗಿ ಮೆಕನಾಯ್ಡ್ ಎಂಬ ದೊಡ್ಡ ಗೋಳಾಕಾರದ ಯಂತ್ರಗಳನ್ನು ತಂದರು, ಅವುಗಳ ಆಟಿಕೆಯನ್ನೂ ಮಾರಿದರು. ಸ್ಟುಡಿಯೋದಲ್ಲಿ ತಿರುಗಿಸುವುದೇ ಕಷ್ಟವೆನ್ನುವಷ್ಟು ದೊಡ್ಡವು ಅವು. ಇಂದು ಕಟ್ಟಾ ಅಭಿಮಾನಿಗಳ ಹೊರತು ಯಾರೂ ಅವನ್ನು ನೆನೆಯುವುದಿಲ್ಲ. 1966ರಲ್ಲಿ ಬಂದ ಸೈಬರ್‌ಮನ್‌ಗಳು ಹೆಸರು ಮಾಡಿದವು ನಿಜ. ಆದರೆ ಎರಡು ಕಾಲು, ಎರಡು ಕೈಯ ಆ ಬೆಳ್ಳಿಬಣ್ಣದ ರೂಪವನ್ನು ಹೊರಗಿನವರು ಯಾವುದೋ ರೋಬೋ ಎಂದುಕೊಳ್ಳುವುದೇ ಹೆಚ್ಚು. ಡಾಲೆಕ್‌ನ ಹೊರಗೆರೆ ಇನ್ಯಾವುದನ್ನೂ ಹೋಲುವುದಿಲ್ಲ.

ಪ್ರಚಾರದ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಅಮೆರಿಕದಲ್ಲಿ ಡಾಲೆಕ್‌ಗಳದ್ದೇ ಒಂದು ಧಾರಾವಾಹಿ ಮಾಡಲು ನೇಷನ್ 1960ರ ದಶಕದಲ್ಲಿ ಪ್ರಯತ್ನಿಸಿದರು. ಕೊಳ್ಳುವವರು ಸಿಗಲಿಲ್ಲ. ಸುತ್ತಮುತ್ತ ಕಣ್ಣಿಗೆ ಬೀಳುತ್ತಲೇ ಇರದಿದ್ದರೆ ಎಂಥ ಒಳ್ಳೆಯ ರೂಪವೂ ತಾನಾಗಿ ಬೇರುಬಿಡುವುದಿಲ್ಲ.

ಗುರುತಿಸುವವರು ಗುರುತಿಸುವುದಾದರೂ ಏನನ್ನು? ಡಾಲೆಕ್ ರೋಬೋ ಎಂದೇ ಹೊರಗಿನವರ ತಿಳಿವಳಿಕೆ. ಕಥೆಯ ಪ್ರಕಾರ ನಾವು ಕಾಣುವುದು ಕವಚ, ವಾಹನ. ನಿಜವಾದ ಜೀವಿ ಒಳಗಿದೆ: ಅಣುಯುದ್ಧದ ವಿಕಿರಣದಿಂದ ವಿಕಾರಗೊಂಡ ಒಂದು ಜನಾಂಗದ ಕುಡಿ, ದ್ವೇಷವೊಂದನ್ನೇ ಉಸಿರಾಡುವ ಮುದ್ದೆ. ನಾತ್ಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೇಷನ್ ಬರೆದದ್ದು ಅದನ್ನು. ಮೊದಲ ಕಥೆಯಲ್ಲಿ ಅದರ ಒಂದು ಪಂಜ ಮಾತ್ರ ಬಟ್ಟೆಯಡಿಯಿಂದ ಇಣುಕುತ್ತದೆ. ಜೀವಿಯನ್ನು ಹೊರತೆಗೆದು ತೋರಿಸಿದರೆ ಆ ಒಂಬತ್ತು ಮಕ್ಕಳಲ್ಲಿ ಎಷ್ಟು ಜನ ಹೆಸರು ಹೇಳುತ್ತಿದ್ದರೋ. ಜನಮನಕ್ಕಿಳಿದದ್ದು ಕ್ಯೂಸಿಕ್ ಎಳೆದ ಗೆರೆ.

ಆದರೆ ಹಕ್ಕು ನೇಷನ್ ಮತ್ತು ಬಿಬಿಸಿಯದ್ದಾಯಿತು, ನೇಷನ್ ಶ್ರೀಮಂತರಾದರು. ಸಂಬಳದ ನೌಕರನಾದ ಕ್ಯೂಸಿಕ್‌ಗೆ ಸಿಕ್ಕ ಇನಾಮು ಸುಮಾರು ನೂರು ಪೌಂಡ್. ನ್ಯಾಯದ ಮಾತಲ್ಲ ಇದು, ಕಾನೂನಿಗೆ ಸರಿಯಿದ್ದರೂ.

ಆ ಗೆರೆ ಎಷ್ಟು ಗಟ್ಟಿ ಎಂದು ಬಿಬಿಸಿಗೆ 2010ರಲ್ಲಿ ಅರಿವಾಯಿತು. ಆ ವರ್ಷ ಬೆನ್ನು ಉಬ್ಬಿದ, ದಪ್ಪನೆಯ, ಕೆಂಪು, ನೀಲಿ, ಹಳದಿಯೆಂದು ಬಣ್ಣಬಣ್ಣದ ಹೊಸ ಡಾಲೆಕ್‌ಗಳನ್ನು ತಂದರು. ಜನ ಒಪ್ಪಲಿಲ್ಲ. ಎರಡೇ ವರ್ಷದಲ್ಲಿ, ಕ್ಯೂಸಿಕ್ ಗೆರೆಗೆ ಹತ್ತಿರವಾದ ಕಂಚಿನ ಬಣ್ಣದ ಡಾಲೆಕ್‌ಗಳೇ ಮತ್ತೆ ಮುಂದಿನ ಸಾಲಿಗೆ ಬಂದವು.