ಸವಳು ನೆಲದಲ್ಲಿ ಗೋಧಿಯ ಮೊಳಕೆ

ವ್ಯರ್ಥವಾದ ಪ್ರಯತ್ನಕ್ಕೆ ನಮ್ಮ ಶಾಸ್ತ್ರಕಾರರು ಕೊಡುತ್ತಿದ್ದ ಉಪಮಾನ ಊಷರಕ್ಷೇತ್ರದಲ್ಲಿ ಬಿತ್ತಿದ ಬೀಜ. ಊಷರವೆಂದರೆ ಉಪ್ಪೇರಿದ ನೆಲ. ಒಕ್ಕಲಿನವರ ಮಾತಿನಲ್ಲಿ ಸವಳು ಅಥವಾ ಚೌಳು. ಪಂಡಿತರ ಈ ಉಪಮಾನವು ಇಂದು ಬಯಲುಸೀಮೆಯ ಅನೇಕ ರೈತರಿಗೆ ಬದುಕಿನ ಅನುಭವವೇ ಆಗಿದೆ.

ಭದ್ರಾವತಿಯ ಹೊಸಮನೆಯವರಿಗೆ ಭದ್ರೆ ನಿತ್ಯಪರಿಚಿತಳು. ಆಕೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನಿಂತು, ಕಾಲುವೆಗಳಿಂದ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಹೊಲಗಳಿಗೆ ಹರಿಯುತ್ತಾಳೆ. 1953ರಲ್ಲಿ ಆ ನೀರು ಬಂದಾಗ ಬರದ ನಾಡು ನಲಿಯಿತು. ಆದರೆ ಎರೆಮಣ್ಣಿನಲ್ಲಿ ನೀರು ಬೇಗ ಬಸಿಯದು. ಮಿತಿಮೀರಿ ಹಾಯಿಸಿದ ನೀರು ಅಂತರ್ಜಲವನ್ನು ಮೇಲಕ್ಕೆತ್ತಿತು. ಅದರೊಡನೆ ಮಣ್ಣಿನ ಲವಣವೂ ಮೇಲೇರಿತು. ಬಿಸಿಲಿಗೆ ನೀರು ಆರಿಹೋಯಿತು, ಉಪ್ಪು ಬಿಳಿಯ ಹೊದಿಕೆಯಾಗಿ ಉಳಿಯಿತು. ಗೋಧಿ ಬೆಳೆಯುವ ಘಟಪ್ರಭಾ, ಕೃಷ್ಣಾ ತೀರಗಳ ನೀರಾವರಿ ಸೀಮೆಯಲ್ಲಿಯೂ ಇದೇ ಕಥೆ.

ಮಣ್ಣಿನ ಲವಣವನ್ನು ಅದರ ವಿದ್ಯುದ್ವಾಹಕತೆಯಿಂದ ಅಳೆಯುವರು. ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಅದು ಸವಳು. ಬೆಳೆದ ಗೋಧಿ ಸುಮಾರು 6ರವರೆಗೆ ತಾಳಿಕೊಳ್ಳುತ್ತದೆ. ಮೊಳಕೆಗೆ ಅಷ್ಟು ಶಕ್ತಿಯಿಲ್ಲ. ಅದಕ್ಕೆ ಎರಡು ಬಾಧೆಗಳು. ಸುತ್ತಲೂ ತೇವವಿದ್ದರೂ ಉಪ್ಪಿನ ಸೆಳೆತದಿಂದ ಬೀಜಕ್ಕೆ ನೀರು ದೊರೆಯದು. ಮೇಲಾಗಿ ಸೋಡಿಯಂ ಒಳಹೊಕ್ಕು ಪೊಟ್ಯಾಸಿಯಮ್ಮಿನ ಸ್ಥಾನವನ್ನು ಕಸಿಯುತ್ತದೆ.

ಇದಕ್ಕೊಂದು ಸುಲಭೋಪಾಯ ಬೀಜಸಂಸ್ಕಾರ. ಈ ಭಾವನೆ ನಮಗೆ ಹೊಸದಲ್ಲ. ಧಾನ್ಯದ ಬೀಜಕ್ಕೆ ಏಳು ರಾತ್ರಿ ಇಬ್ಬನಿಯನ್ನೂ ಬಿಸಿಲನ್ನೂ ಉಣಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸಿದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ನಮ್ಮ ಹಿಂಗಾರಿ ಜೋಳದ ಬೀಜವನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಬಿತ್ತುವ ಪದ್ಧತಿಯೂ ಬಳಕೆಯಲ್ಲಿದೆ.

ಕ್ರಮವಿಷ್ಟು: ಗೋಧಿಯನ್ನು ಶುದ್ಧಜಲದಲ್ಲಾಗಲಿ, ಕ್ಯಾಲ್ಸಿಯಂ ಕ್ಲೋರೈಡಿನ ತೆಳು ದ್ರಾವಣದಲ್ಲಾಗಲಿ ಸುಮಾರು 12 ಗಂಟೆ ನೆನೆಸಿ, ಬೇರು ಹೊರಡುವ ಮೊದಲೇ ತೆಗೆದು, ನೆರಳಿನಲ್ಲಿ ಮೊದಲಿನ ತೂಕ ಬರುವವರೆಗೆ ಒಣಗಿಸಬೇಕು. ಅಷ್ಟರಲ್ಲಿ ಬೀಜದೊಳಗಿನ ಕಿಣ್ವಗಳು ಎಚ್ಚೆತ್ತು, ಪಿಷ್ಟವನ್ನು ಸಕ್ಕರೆಯಾಗಿಸುವ ಸಿದ್ಧತೆ ನಡೆದಿರುತ್ತದೆ. ಬಿತ್ತಿದಾಗ ಮೊಳಕೆ ಬೇಗ, ಏಕಕಾಲಕ್ಕೆ ಏಳುತ್ತದೆ. ಕ್ಯಾಲ್ಸಿಯಂ ಜೀವಕೋಶದ ಪೊರೆಯನ್ನು ಗಟ್ಟಿಗೊಳಿಸಿ ಸೋಡಿಯಮ್ಮಿನ ಪ್ರವೇಶವನ್ನು ತಡೆಯಲು ನೆರವಾಗುತ್ತದೆ. ಹೆಚ್ಚು ಹೊತ್ತು ನೆನೆಸಿದರೆ ಮಾತ್ರ ಬೀಜ ಕೆಡುತ್ತದೆ.

ಆದರೆ ಇದು ಎಳೆಯ ಸಸಿಗೆ ಕೊಟ್ಟ ಊರುಗೋಲೇ ಹೊರತು ನೆಲದ ರೋಗಕ್ಕೆ ಮದ್ದಲ್ಲ. ಬಸಿಗಾಲುವೆ ತೋಡಬೇಕು, ನೀರನ್ನು ಹಿತವಾಗಿ ಬಳಸಬೇಕು, ಕರ್ಲು ಭೂಮಿಗೆ ಜಿಪ್ಸಂ ಹಾಕಬೇಕು. ರಾಜಸ್ಥಾನದ ಖಾರ್ಚಿಯಾದಂಥ ಉಪ್ಪು ತಾಳುವ ಗೋಧಿಯೂ, 1969ರಲ್ಲಿ ಸ್ಥಾಪಿತವಾದ ಕರ್ನಾಲಿನ ಕೇಂದ್ರೀಯ ಲವಣಮೃತ್ತಿಕಾ ಸಂಶೋಧನ ಸಂಸ್ಥೆಯ ತಳಿಗಳೂ ಉಂಟು. ಗಂಗಾವತಿಯ ಸಂಶೋಧನ ಕೇಂದ್ರವೂ ಸವಳು ನೆಲದ ಸುಧಾರಣೆಯಲ್ಲಿ ತೊಡಗಿದೆ.

ಉಪಾಧ್ಯಾಯ ಮಿತ್ರರು ಇದನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಲೀಟರ್ ನೀರಿಗೆ 5 ಗ್ರಾಂ ಉಪ್ಪು ಬೆರೆಸಿ ಎರಡು ತಟ್ಟೆಗಳ ಮರಳನ್ನು ತೋಯಿಸಿರಿ. ಒಂದರಲ್ಲಿ ಸಂಸ್ಕಾರಗೊಂಡ ನೂರು ಕಾಳು, ಇನ್ನೊಂದರಲ್ಲಿ ಸಾದಾ ನೂರು ಕಾಳು ಊರಿ, ಹತ್ತು ದಿನ ಮಕ್ಕಳಿಂದಲೇ ಮೊಳಕೆಗಳನ್ನು ಎಣಿಸಿರಿ. ಭದ್ರೆಯ ದಂಡೆಯ ಮಗುವಿಗೆ, ತನ್ನೂರ ನೀರು ಮುಂದಿನೂರ ಹೊಲದಲ್ಲಿ ಏನು ಮಾಡುತ್ತಿದೆಯೆಂಬ ಅರಿವೂ ಅದರಿಂದ ಮೂಡೀತು.