ಅಚ್ಚು ಸವೆಸಿದ ಹಾಡು

1942ರ ಮೇ 29ರಂದು ಲಾಸ್ ಏಂಜಲೀಸಿನಲ್ಲಿ ಡೆಕ್ಕಾ ರೆಕಾರ್ಡು ಕಂಪನಿಗಾಗಿ ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ಒಂದು ಹಾಡು ಹಾಡಿದರು. ಅದನ್ನು ಧ್ವನಿಮುದ್ರಿಸಿ ಮುಗಿಸಲು ಹಿಡಿದದ್ದು 18 ನಿಮಿಷ. ಹಾಡಿನ ಉದ್ದ ಮೂರು ನಿಮಿಷ, ಹೆಸರು ‘ವೈಟ್ ಕ್ರಿಸ್‌ಮಸ್’. ಗಿನ್ನೆಸ್ ದಾಖಲೆಯ ಅಂದಾಜಿನಂತೆ ಕ್ರಾಸ್ಬಿಯ ದನಿಯಲ್ಲಿರುವ ಈ ಹಾಡಿನ ಬಿಡಿ ರೆಕಾರ್ಡುಗಳು 5 ಕೋಟಿ ಮಾರಾಟವಾಗಿವೆ. ಬಿಡಿ ರೆಕಾರ್ಡುಗಳ ಮಾರಾಟದಲ್ಲಿ ಇದನ್ನು ಮೀರಿದ್ದು ಇನ್ನೊಂದಿಲ್ಲ.

5 ಕೋಟಿ ಎಂದು ಓದಿ ಮುಂದೆ ಹೋಗಿಬಿಡುವುದು ಸುಲಭ. ನನಗೆ ಹಾಗೆ ಹೋಗಲಾಗಲಿಲ್ಲ, ಕಾಗದ ಪೆನ್ಸಿಲು ತೆಗೆದುಕೊಂಡು ಕೂತೆ. ಅಷ್ಟೂ ರೆಕಾರ್ಡುಗಳನ್ನು ಒಂದಾದ ಮೇಲೊಂದು, ಒಂದೊಂದೇ ಸಲ, ಹಗಲು ರಾತ್ರಿ ಬಿಡದೆ ಹಾಕುತ್ತ ಹೋದರೆ ಮುಗಿಯಲು 285 ವರ್ಷ ಬೇಕು. 18 ನಿಮಿಷದ ಕೆಲಸಕ್ಕೆ 285 ವರ್ಷದ ಕೇಳ್ಮೆ. ಇನ್ನೊಂದು ಲೆಕ್ಕವನ್ನಂತೂ ಎರಡು ಸಲ ಮಾಡಿ ನೋಡಿದೆ. ಹಳೆಯ ಗ್ರಾಮಫೋನ್ ತಟ್ಟೆಯ ಅಡ್ಡಳತೆ 10 ಇಂಚು, ಅಂದರೆ 25.4 ಸೆಂಟಿಮೀಟರ್. ಎಲ್ಲವೂ ಅದೇ ಅಳತೆಯವೆಂದು ಹಿಡಿದು, ಅಂಚಿಗೆ ಅಂಚು ತಾಗುವಂತೆ 5 ಕೋಟಿ ತಟ್ಟೆಗಳನ್ನು ಸಾಲಾಗಿ ಇಟ್ಟರೆ 12,700 ಕಿಲೋಮೀಟರ್ ಆಗುತ್ತದೆ. ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ನೆಲದ ಒಡಲನ್ನು ಸೀಳಿಕೊಂಡು ನೇರ ಗೆರೆ ಎಳೆದರೆ ಅದರ ಉದ್ದ 12,714 ಕಿಲೋಮೀಟರ್! ಒಬ್ಬ ಮನುಷ್ಯನ ಮೂರು ನಿಮಿಷದ ಉಸಿರು ಭೂಮಿಯನ್ನು ಈ ತುದಿಯಿಂದ ಆ ತುದಿಗೆ ಪೋಣಿಸುವಷ್ಟು ತಟ್ಟೆಗಳಾಗಿದೆ.

ಇಷ್ಟಾದರೂ, ಕ್ರಾಸ್ಬಿಯ ರೆಕಾರ್ಡು ಕೂಡಿಸುವವರನ್ನು ಕಾಡುವ ಸಂಗತಿ ಬೇರೆಯೇ ಇದೆ. ಡಿಸೆಂಬರ್ ಬಂತೆಂದರೆ ರೇಡಿಯೊದಲ್ಲಿ, ಅಂಗಡಿಗಳಲ್ಲಿ ಜಗತ್ತು ಕೇಳುವ ‘ವೈಟ್ ಕ್ರಿಸ್‌ಮಸ್’ ಬಹುಪಾಲು ಆ ಮೇ 29ರಂದು ಹಾಡಿದ್ದಲ್ಲ. ಅದು ಐದು ವರ್ಷ ಕಳೆದು, 1947ರ ಮಾರ್ಚ್ 19ರಂದು ಮತ್ತೆ ಹಾಡಿದ್ದು. ಮೊದಲಿನದರಲ್ಲಿ ಕುಂದೇನೂ ಇರಲಿಲ್ಲ. ಮತ್ತೆ ಮತ್ತೆ ಒತ್ತಿ ಒತ್ತಿ ಅದರ ಅಚ್ಚೇ ಸವೆದುಹೋಗಿತ್ತು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವುದನ್ನು ನೋಡಿದವರಿಗೆ ಈ ಕಸುಬು ಬೇಗ ತಿಳಿಯುತ್ತದೆ. ಮರದ ಅಚ್ಚಿನಲ್ಲಿ ಎಲ್ಲಿ ಹಳ್ಳವೋ ಸಕ್ಕರೆಯ ಗಿಳಿಯಲ್ಲಿ ಅಲ್ಲಿ ಉಬ್ಬು. ರೆಕಾರ್ಡಿನದೂ ಹೀಗೆ ಹಳ್ಳ ಉಬ್ಬುಗಳ ಅದಲುಬದಲು. ಹಾಡುವವರ ದನಿ ಮೊದಲು ಮೆತ್ತನೆಯ ತಟ್ಟೆಯೊಂದರಲ್ಲಿ ಸುರುಳಿಯಾದ ಗೀರನ್ನು ಕೊರೆಯುತ್ತದೆ. ಅದರ ಮೇಲೆ ಲೋಹದ ಲೇಪ ಬೆಳೆಸಿ ಬಿಡಿಸಿದರೆ ಗೀರು ಏಣಾಗಿ ಬರುತ್ತದೆ. ಕಸುಬಿನವರು ಇದನ್ನು ಫಾದರ್ ಎನ್ನುತ್ತಾರೆ. ಅದರಿಂದ ತೆಗೆದದ್ದು ಮದರ್, ಅದರಲ್ಲಿ ಮತ್ತೆ ಗೀರು. ಮದರಿನಿಂದ ತೆಗೆದದ್ದು ಸ್ಟಾಂಪರ್, ಮತ್ತೆ ಏಣು. ಬಿಸಿ ಮಾಡಿ ಮೆತ್ತಗಾಗಿಸಿದ ಕರಿ ಮುದ್ದೆಯ ಮೇಲೆ ಸ್ಟಾಂಪರನ್ನು ಒತ್ತಿದಾಗ ನಮ್ಮ ಕೈಗೆ ಬರುವುದೇ ತಟ್ಟೆ. ಅಪ್ಪ, ಅಮ್ಮ, ಮಕ್ಕಳು, ಮೊಮ್ಮಕ್ಕಳು ಎಂದು ಪೂರ್ತಿ ಒಂದು ವಂಶವೃಕ್ಷ.

ಈ ವಂಶಕ್ಕೆ ಆಯುಸ್ಸಿನ ಮಿತಿ ಇದೆ. ಒಂದು ಸ್ಟಾಂಪರ್ ಸುಮಾರು ಒಂದು ಸಾವಿರ ತಟ್ಟೆ ಒತ್ತುವಷ್ಟರಲ್ಲಿ ಅದರ ಏಣು ಮೊಂಡಾಗುತ್ತದೆ. ಒಂದು ಮದರಿನಿಂದ ಹತ್ತು ಸ್ಟಾಂಪರ್, ಒಂದು ಫಾದರಿನಿಂದ ಹತ್ತು ಮದರ್ ಎಂದು ಹಿಡಿಯೋಣ. ಹತ್ತು ಹತ್ತಲ ನೂರು, ನೂರು ಸಾವಿರಲ ಒಂದು ಲಕ್ಷ. ಅಂದರೆ ಸ್ಟುಡಿಯೊದಲ್ಲಿ ಒಂದು ಸಲ ಚೆನ್ನಾಗಿ ಹಾಡಿದ್ದು ಹಾಯಾಗಿ ಹೊರಬಲ್ಲ ಭಾರ ಒಂದು ಲಕ್ಷ ತಟ್ಟೆ. ಎಳೆದಾಡಿದರೆ, ಹೆಚ್ಚುವರಿ ನಕಲು ಇಟ್ಟುಕೊಂಡಿದ್ದರೆ, ಇನ್ನಷ್ಟು. ಕೇಳುಗರು ಕೇಳಿದ್ದು ಇದರ ಎಷ್ಟೋ ಪಟ್ಟು. 1942ರ ಅಕ್ಟೋಬರ್ ಕೊನೆಗೆ ಈ ಹಾಡು ಬಿಲ್‌ಬೋರ್ಡ್ ಪಟ್ಟಿಯ ತಲೆಗೇರಿ 11 ವಾರ ಕೆಳಗಿಳಿಯಲಿಲ್ಲ. 1945ರಲ್ಲಿ ಮತ್ತೆ ಮೊದಲ ಸ್ಥಾನ, 1946ರ ಕ್ರಿಸ್‌ಮಸ್ ಕಾಲಕ್ಕೆ ಮತ್ತೊಮ್ಮೆ. ಒಂದೇ ಧ್ವನಿಮುದ್ರಣ ಮೂರು ಬೇರೆ ಬೇರೆ ವರ್ಷ ಹೊಸ ಹಾಡುಗಳನ್ನೆಲ್ಲ ಹಿಂದಿಕ್ಕಿತು. ನಾವು ಪ್ರೀತಿಯ ವಸ್ತುವನ್ನು ಅಚ್ಚುಮೆಚ್ಚಿನದು ಎನ್ನುತ್ತೇವೆ. ಇಲ್ಲಿ ಮೆಚ್ಚೇ ಅಚ್ಚನ್ನು ತಿಂದುಹಾಕಿತು.

ಈ ಜನಪ್ರಿಯತೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ಅರ್ವಿಂಗ್ ಬರ್ಲಿನ್ ಬರೆದ ಈ ಹಾಡು ‘ಹಾಲಿಡೇ ಇನ್’ ಚಿತ್ರದ್ದು. ಚಿತ್ರದಿಂದ ಗೆಲ್ಲುವ ಹಾಡು ‘ಬಿ ಕೇರ್‌ಫುಲ್, ಇಟ್ಸ್ ಮೈ ಹಾರ್ಟ್’ ಎಂದೇ ಎಲ್ಲರ ಎಣಿಕೆಯಾಗಿತ್ತು. ಕ್ರಾಸ್ಬಿ ‘ವೈಟ್ ಕ್ರಿಸ್‌ಮಸ್’ ಅನ್ನು ಮೊದಲು ರೇಡಿಯೊದಲ್ಲಿ ಹಾಡಿದ್ದು 1941ರ ಡಿಸೆಂಬರ್ 25ರಂದು, ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದ 18ನೇ ದಿನ. ಮಾರನೆಯ ವರ್ಷ ಮಂಜು ಬೀಳದ ಪೆಸಿಫಿಕ್ ದ್ವೀಪಗಳಲ್ಲಿ, ಆಫ್ರಿಕದ ಮರಳಿನಲ್ಲಿ ಯುದ್ಧಕ್ಕೆ ನಿಂತಿದ್ದ ಅಮೆರಿಕದ ಹುಡುಗರಿಗೆ ಮನೆಯಂಗಳದ ಬಿಳುಪು ನೆನಪಿಸಲು ಈ ಹಾಡು ಸಾಕಾಗಿತ್ತು.

ಈ ಕಥೆಗೆ ನಮ್ಮ ನೆಲದ ನಂಟೂ ಒಂದಿದೆ, ಅದನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಆ ಕಾಲದ ತಟ್ಟೆಗಳಿಗೆ ಅಂಟಾಗಿ ಬಳಸುತ್ತಿದ್ದದ್ದು ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗು. ಮುತ್ತುಗ, ಎಲಚಿಯಂಥ ಮರಗಳ ಎಳೆ ರೆಂಬೆಗೆ ಮುತ್ತಿ ರಸ ಹೀರುವ ಪುಟ್ಟ ಹುಳು ತನ್ನ ಮೈಸುತ್ತ ಸುರಿಸಿಕೊಳ್ಳುವ ರಾಳ ಇದು. ಜಗತ್ತಿನ ರೆಕಾರ್ಡು ಕಾರ್ಖಾನೆಗಳಿಗೆ ಹೋಗುತ್ತಿದ್ದ ಅರಗಿನ ದೊಡ್ಡ ಪಾಲು ಭಾರತದ್ದು, ಅದರಲ್ಲೂ ಛೋಟಾನಾಗಪುರದ ಕಾಡುಗಳದ್ದು. ಒಂದು ಕಿಲೋ ಅರಗಿಗೆ ಸುಮಾರು 3 ಲಕ್ಷ ಹುಳುಗಳ ದುಡಿಮೆ ಬೇಕೆನ್ನುತ್ತಾರೆ. ತಟ್ಟೆಯ ತೂಕದಲ್ಲಿ ಹೆಚ್ಚಿನದು ಕಲ್ಲಿನ ಪುಡಿ. ಅರಗು 30 ಗ್ರಾಂ ಎಂದು ಕಡಿಮೆಯಾಗಿಯೇ ಹಿಡಿದರೂ ಒಂದು ತಟ್ಟೆಗೆ 9,000 ಹುಳುಗಳಾದವು. ಹತ್ತು ಲಕ್ಷ ತಟ್ಟೆಗೆ 900 ಕೋಟಿ. ಅಮೆರಿಕದ ಹಜಾರಗಳಲ್ಲಿ ಮಂಜಿನ ಕನಸು ಹಾಡಿದ್ದು, ಮಂಜನ್ನೇ ಕಾಣದ ಹುಳುಗಳು ಕಟ್ಟಿಕೊಟ್ಟ ತಟ್ಟೆ.

ಯುದ್ಧದಿಂದಾಗಿ ಆ ಅರಗಿಗೂ ಕುತ್ತು ಬಂತು. 1942ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ರೆಕಾರ್ಡುಗಳಿಗೆ ಸಲ್ಲುವ ಅರಗನ್ನು ಶೇ. 70ರಷ್ಟು ಕಡಿತ ಮಾಡಿತು. ಹಳೆಯ ತಟ್ಟೆಗಳನ್ನು ತಂದುಕೊಡಿ ಎಂದು ಅಂಗಡಿಗಳು ಗಿರಾಕಿಗಳನ್ನು ಕೇಳತೊಡಗಿದವು. ಅವನ್ನು ಪುಡಿ ಮಾಡಿ ಹೊಸ ತಟ್ಟೆಗೆ ಬೆರೆಸುತ್ತಿದ್ದರು. ಕ್ರಾಸ್ಬಿ ಸ್ಟುಡಿಯೊಕ್ಕೆ ಹೋದದ್ದು ಆ ಆಜ್ಞೆ ಬಂದು ಒಂದೂವರೆ ತಿಂಗಳಿಗೆ. ಹಾಗಾಗಿ ಆ ವರ್ಷ ಒತ್ತಿದ ಎಷ್ಟೋ ‘ವೈಟ್ ಕ್ರಿಸ್‌ಮಸ್’ಗಳ ಮೈಯಲ್ಲಿ ಯಾರದೋ ಹೆಸರಿಲ್ಲದ ಹಳೆಯ ಹಾಡುಗಳ ಬೂದಿ ಇದೆ. ಅರಗಿನ ಅಭಾವದಲ್ಲಿ, ಪುಡಿ ಬೆರೆಸಿದ ಮುದ್ದೆಯಲ್ಲಿ, 11 ವಾರ ಪಟ್ಟಿಯ ತಲೆಯಲ್ಲಿ ನಿಂತ ಹಾಡು ಇದು.

ಇನ್ನು ಆಲ್ಬಮ್‌ಗಳ ಸರದಿ. ಮದುವೆ ಫೋಟೋ ಅಂಟಿಸುವ ಪುಸ್ತಕಕ್ಕೂ ಹಾಡಿನ ತಟ್ಟೆಗೂ ಒಂದೇ ಹೆಸರೇಕೆ ಎಂದು ಕೇಳುವವರಿಗೆ ಆ ಕಾಲದ ಒಂದು ಆಲ್ಬಮ್ ತೋರಿಸಬೇಕು. ಗಟ್ಟಿ ರಟ್ಟಿನ ಹೊದಿಕೆ, ಒಳಗೆ ಹಾಳೆಗಳ ಬದಲು ಕಾಗದದ ಚೀಲಗಳು, ಒಂದೊಂದು ಚೀಲದಲ್ಲಿ ಒಂದೊಂದು ತಟ್ಟೆ. ‘ವೈಟ್ ಕ್ರಿಸ್‌ಮಸ್’ ಮೊದಲು ಕಾಣಿಸಿಕೊಂಡದ್ದು 1942ರ ‘ಹಾಲಿಡೇ ಇನ್’ ಆಲ್ಬಮ್‌ನಲ್ಲಿ, ಆರು ತಟ್ಟೆ, 12 ಹಾಡು. 1945ರಲ್ಲಿ ಡೆಕ್ಕಾ ಅದನ್ನು ‘ಮೆರಿ ಕ್ರಿಸ್‌ಮಸ್’ ಎಂಬ ಆಲ್ಬಮ್‌ಗೆ ಸೇರಿಸಿತು, ಐದು ತಟ್ಟೆ, ಹತ್ತು ಹಾಡು. 1947ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಹೊರಬಂದಾಗ ನಾಲ್ಕು ತಟ್ಟೆ, ಎಂಟು ಹಾಡು. 1949ರಲ್ಲಿ ಆ ಎಂಟೂ ಹಾಡು ಹತ್ತಿಂಚಿನ ಒಂದೇ ಲಾಂಗ್ ಪ್ಲೇ ತಟ್ಟೆಯ, ಅಂದರೆ ಎಲ್‌ಪಿಯ, ಎರಡು ಮುಖಗಳಲ್ಲಿ ಅಡಗಿದವು. 1955ರಲ್ಲಿ ಹನ್ನೆರಡಿಂಚಿನ ಎಲ್‌ಪಿ, ಹಾಡು 12. ಆಮೇಲೆ ಒಂದೇ ಮೈಕಿನ ದನಿಯನ್ನು ಯಂತ್ರದಿಂದ ಎರಡಾಗಿಸಿದ ಹುಸಿ ಸ್ಟೀರಿಯೊ. ಆಮೇಲೆ ಕ್ಯಾಸೆಟ್, ಸಿಡಿ. 1945ರಲ್ಲಿ ಶುರುವಾದ ಈ ಒಂದು ಆಲ್ಬಮ್‌ನ ಮಾರಾಟ, ಎಲ್ಲ ರೂಪಗಳೂ ಸೇರಿ, ಒಂದೂವರೆ ಕೋಟಿ ದಾಟಿದೆ.

ಇದು ಒಂದು ಆಲ್ಬಮ್ಮಿನ ಮಾತು. ಕ್ರಾಸ್ಬಿ ಧ್ವನಿಮುದ್ರಿಸಿದ ಹಾಡುಗಳು 1,600ಕ್ಕೂ ಹೆಚ್ಚು. ಮೂರು ನಿಮಿಷಕ್ಕೊಂದರಂತೆ ಒಂದೊಂದು ಸಲ ಕೇಳಿದರೂ 80 ಗಂಟೆ, ಮೂರು ಹಗಲು ಮೂರು ರಾತ್ರಿ ಕಳೆದು ಇನ್ನೂ ಎಂಟು ಗಂಟೆ. ಇವುಗಳ ಮರುಮುದ್ರಣಗಳೇ ಒಂದು ಕಾಡು. ಸಿನಿಮಾ ಹಾಡುಗಳನ್ನಷ್ಟೇ ಒಟ್ಟುಮಾಡಿ 1962ರಲ್ಲಿ ಡೆಕ್ಕಾ ‘ಬಿಂಗ್ಸ್ ಹಾಲಿವುಡ್’ ಎಂದು 15 ಎಲ್‌ಪಿ ತಂದಿತು. 1954ರಿಂದ 56ರವರೆಗೆ ಸಿಬಿಎಸ್ ರೇಡಿಯೊಗೆಂದು ಪುಟ್ಟ ವಾದ್ಯತಂಡದೊಂದಿಗೆ ಹಾಡಿದ್ದನ್ನು ಮೊಸಾಯಿಕ್ ಕಂಪನಿ 2009ರಲ್ಲಿ ಹೊರತಂದಾಗ ಏಳು ಸಿಡಿ ಬೇಕಾದವು, 160 ಹಾಡು. ಬೇರೆ ಎಷ್ಟೋ ಗಾಯಕರ ಇಡೀ ಬಾಳಿನ ಗಳಿಕೆ ಈ ಒಂದು ಪೆಟ್ಟಿಗೆಯಷ್ಟಿರುವುದಿಲ್ಲ. ಕ್ರಾಸ್ಬಿಗೆ ಇದು ಬಿಡುವಿನ ಹಾಡು. ಒಂದನ್ನೇ ಕೊಳ್ಳಬೇಕೆನ್ನುವವರಿಗೆ ನಾನು ಹೇಳುವುದು ಈ ಏಳನ್ನೇ. ಹಿನ್ನೆಲೆಯಲ್ಲಿ ನಾಲ್ಕೇ ವಾದ್ಯ ಇದ್ದಾಗ ಆ ದನಿಯ ಕೆಳಗಿನ ಸ್ವರಗಳ ತೂಕ ತಿಳಿಯುತ್ತದೆ.

ಮತ್ತೆ 1947ಕ್ಕೆ ಬರುತ್ತೇನೆ, ನನ್ನ ಮನಸ್ಸು ಸುತ್ತುವುದು ಅಲ್ಲೇ. ಮಾರ್ಚ್ 19ರಂದು ಜಾನ್ ಸ್ಕಾಟ್ ಟ್ರಾಟರ್ ಅವರ ಅದೇ ವಾದ್ಯವೃಂದ, ಕೆನ್ ಡಾರ್ಬಿಯವರ ಅದೇ ಹಾಡುಗಾರರ ತಂಡವನ್ನು ಮತ್ತೆ ಕೂಡಿಸಿದರು. ಐದು ವರ್ಷದ ಹಿಂದಿನ ಒಂದು ದಿನವನ್ನು ಹಾಗೆಯೇ ಮತ್ತೆ ಎತ್ತಿ ನಿಲ್ಲಿಸುವುದು ಅವರ ಉದ್ದೇಶ. 39ರ ದನಿಯನ್ನು 43ರ ಕ್ರಾಸ್ಬಿ ಮತ್ತೆ ಹಾಡಬೇಕಿತ್ತು. ಅವತ್ತೇ ‘ಸೈಲೆಂಟ್ ನೈಟ್’ ಅನ್ನೂ ಮತ್ತೆ ಹಾಡಿದರು. ಹೊಸದಕ್ಕೆ ಸಿಕ್ಕ ಯಶಸ್ಸೇ ಹಳೆಯದನ್ನು ಮರೆಸಿತು. ಮುಂದಿನ ಎಲ್‌ಪಿ, ಕ್ಯಾಸೆಟ್, ಸಿಡಿಗಳು ಬೆಳೆದದ್ದು ಈ ಎರಡನೆಯ ಬೇರಿನಿಂದ.

ಅದೇ ವರ್ಷದ ಅಕ್ಟೋಬರ್ 1ರಂದು ಕ್ರಾಸ್ಬಿಯ ರೇಡಿಯೊ ಕಾರ್ಯಕ್ರಮ ಮೊದಲ ಬಾರಿಗೆ ಟೇಪಿನಿಂದ ಪ್ರಸಾರವಾಯಿತು. ಯುದ್ಧ ಮುಗಿದಾಗ ಜಾಕ್ ಮಲಿನ್ ಎಂಬ ಎಂಜಿನಿಯರ್ ಜರ್ಮನಿಯಿಂದ ಎರಡು ಟೇಪ್ ಯಂತ್ರ ಮತ್ತು 50 ಸುರುಳಿ ಟೇಪು ತಂದಿದ್ದರು. ಆ ಎರಡು ಯಂತ್ರ, 50 ಸುರುಳಿಗಳೇ ಮೊದಮೊದಲು ಇದ್ದ ಬಂಡವಾಳ. ಕ್ರಾಸ್ಬಿ ಕ್ಯಾಲಿಫೋರ್ನಿಯದ ಆಂಪೆಕ್ಸ್ ಎಂಬ ಸಣ್ಣ ಕಂಪನಿಗೆ 50,000 ಡಾಲರ್ ಕೊಟ್ಟು ಅಂಥವೇ ಯಂತ್ರ ಕಟ್ಟಲು ನೆರವಾದರು. ಟೇಪು ಬಂದ ಮೇಲೆ ಮೂಲ ಹಾಡು ಬೇರೆಡೆ ಭದ್ರವಾಗಿರುತ್ತಿತ್ತು, ಅಚ್ಚು ಸವೆದರೆ ಟೇಪಿನಿಂದ ಇನ್ನೊಂದು ಅಚ್ಚು ಮಾಡಿಕೊಳ್ಳಬಹುದಿತ್ತು. ಮಾರ್ಚ್‌ನಲ್ಲಿ ಅಚ್ಚು ಸವೆಯಿತೆಂದು ಮತ್ತೆ ಹಾಡಿದ ಗಾಯಕರೇ ಅಕ್ಟೋಬರ್‌ನಲ್ಲಿ ಆ ಸಂಕಟಕ್ಕೆ ಮದ್ದು ಹಿಡಿದು ನಿಂತಿದ್ದರು.

ಟೇಪೂ ಚಿರಾಯುವಲ್ಲ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊಸ್ ಆವರಣದಲ್ಲಿ ಬೆಂಕಿ ಬಿದ್ದು ಮೂಲ ಟೇಪುಗಳ ಉಗ್ರಾಣವೊಂದು ಉರಿಯಿತು. ನಷ್ಟ 5 ಲಕ್ಷ ಹಾಡು ಎಂದು ಕಂಪನಿಯ ಒಳಟಿಪ್ಪಣಿಯೊಂದು ಅಂದಾಜಿಸಿತ್ತೆಂದು 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಹೋದದ್ದು ಅಷ್ಟಿಲ್ಲ ಎಂದು ಕಂಪನಿ ಹೇಳಿತು. ಅರಗಿನ ಮನೆಯ ಕಥೆ ಕೇಳಿ ಬೆಳೆದ ನನಗೆ ಆ ವರದಿ ಓದುವಾಗ ಕಣ್ಣಿಗೆ ಕಟ್ಟಿದ್ದು ಮಳಿಗೆಗಳಲ್ಲಿ, ಅಟ್ಟಗಳಲ್ಲಿ, ಯಾರದೋ ಮನೆಯ ಪೆಟ್ಟಿಗೆಯ ಅಡಿಯಲ್ಲಿ ಉಳಿದಿರುವ ಅರಗಿನ ತಟ್ಟೆಗಳು. ಪಾಂಡವರು ಸುರಂಗದಿಂದ ಪಾರಾದಂತೆ, ಮೂಲ ಸುಟ್ಟಾಗ ಈ ತಟ್ಟೆಗಳಿಂದ ಹಾಡು ಹೊರಬರಬೇಕು.

ಹಾಗಾಗಿ 1942ರ ತಟ್ಟೆಯನ್ನು ಹುಡುಕುವವರು ಹುಡುಕುತ್ತಲೇ ಇರುತ್ತಾರೆ. ಡೆಕ್ಕಾ 18429 ಎಂಬ ಸಂಖ್ಯೆ ಇರಬೇಕು. ಸಿಕ್ಕಿದರೂ ಅದು ಬಹಳ ಸಲ ಸವೆದಿರುತ್ತದೆ. ಪ್ರತಿ ಡಿಸೆಂಬರ್‌ನಲ್ಲೂ ಯಾರೋ ಅದರ ಮೇಲೆ ಉಕ್ಕಿನ ಸೂಜಿ ಇಳಿಸಿದ್ದಾರೆ, ನಿಮಿಷಕ್ಕೆ 78 ಸುತ್ತಿನಂತೆ ಒಂದೊಂದು ಸಲಕ್ಕೂ 230ಕ್ಕೂ ಹೆಚ್ಚು ಸುತ್ತು. ಲೇಬಲ್ ಅಳಿಸಿಹೋಗಿದ್ದರೆ ಗುರುತು ಹಿಡಿಯಲು ಕಿವಿಯೊಂದೇ ದಾರಿ. 1947ರದು ಶುರುವಾಗುವಾಗ ಕೊಳಲುಗಳೂ ಪುಟ್ಟ ಗಂಟೆಗಳಂತೆ ನುಡಿಯುವ ಸೆಲೆಸ್ಟಾ ವಾದ್ಯವೂ ಮಿನುಗುತ್ತವೆ. ಸೂಜಿ ಇಳಿಸಿ, ಕರಕರ ಸದ್ದು ದಾಟಿ, ಮೊದಲ ಕೆಲವು ಕ್ಷಣ ಉಸಿರು ಹಿಡಿದು ಕೇಳಬೇಕು. ಆ ಮಿನುಗು ಬರದೆ 39ರ ಕ್ರಾಸ್ಬಿ ಬಾಯಿ ತೆರೆದರೆ, ಅಂದಿನ ಆ 18 ನಿಮಿಷಗಳಲ್ಲಿ ಮೂರು ನಿಮಿಷ ಕೈಗೆ ಸಿಕ್ಕವು.