ಉಬ್ಬುಮೀನಿನ ಮಂಡಲ

ಅಲಂಕಾರವೆಂಬುದು ಕಾವ್ಯಕ್ಕೆ ಹೊರಗಿನಿಂದ ತೊಡಿಸಿದ ಒಡವೆಯೋ, ಒಳಗಿನಿಂದಲೇ ಮೂಡಿದ ಕಾಂತಿಯೋ ಎಂಬ ಚರ್ಚೆ ನಮ್ಮ ತರಗತಿಗಳಿಗೆ ಹೊಸದಲ್ಲ. ಅದನ್ನು ವರ್ಷವರ್ಷವೂ ಬೋಧಿಸುತ್ತ ಬಂದ ನನಗೆ ಈಚೆಗೆ ದೊರೆತ ಒಂದು ದೃಷ್ಟಾಂತ ಜಪಾನಿನ ಕಡಲ ತಳದ್ದು.

ಅಮಾಮಿ ಓಶಿಮಾ ದ್ವೀಪದ ಬಳಿ ನೀರಿಗಿಳಿದವರು ೧೯೯೫ರಲ್ಲಿಯೇ ಮರಳಿನ ಮೇಲೆ ಸುಮಾರು ೨ ಮೀಟರು ಅಗಲದ ವರ್ತುಲಗಳನ್ನು ಕಂಡಿದ್ದರು. ನಡುವಿನಿಂದ ಕಿರಣಗಳಂತೆ ಹೊರಚಾಚಿದ ಏರುತಗ್ಗುಗಳು. ಏರುಗಳ ನೆತ್ತಿಯ ಮೇಲೆ ಚಿಪ್ಪಿನ ಚೂರುಗಳು. ಇದು ಯಾರ ಕೈಚಳಕವೆಂಬುದು ಹದಿನೈದು ವರ್ಷಗಳಿಗೂ ಮೀರಿ ಒಗಟಾಗಿಯೇ ಉಳಿಯಿತು. ಕಡೆಗೆ ಸಿಕ್ಕಿಬಿದ್ದ ಶಿಲ್ಪಿ ಗೇಣುದ್ದವೂ ಇಲ್ಲದ ಒಂದು ಗಂಡು ಉಬ್ಬುಮೀನು! ೨೦೧೪ರಲ್ಲಿ ಕೇಯಿಚಿ ಮತ್ಸುಉರ ಅವರು ಇದನ್ನು ಹೊಸ ಜಾತಿಯೆಂದು ವರ್ಣಿಸಿ, ಮೈಮೇಲಿನ ಬಿಳಿಯ ಚುಕ್ಕೆಗಳಿಗೆ ಒಪ್ಪುವಂತೆ ತೊರ್ಕ್ವಿಜೆನರ್ ಆಲ್ಬೊಮ್ಯಾಕ್ಯುಲೋಸಸ್ ಎಂದು ಹೆಸರಿಟ್ಟರು.

ಈ ಮೀನು ಏಳರಿಂದ ಒಂಬತ್ತು ದಿನ ಈಜುರೆಕ್ಕೆಗಳಿಂದ ಮರಳನ್ನು ತೋಡುತ್ತ, ಹೊರಗಿನಿಂದ ಒಳಕ್ಕೆ ಮತ್ತೆ ಮತ್ತೆ ಸಾಗುತ್ತದೆ. ಇದನ್ನು ರಂಗವಲ್ಲಿಯೆಂದು ಕರೆದವರುಂಟು. ನನಗದು ಪೂರ್ತಿ ಒಪ್ಪಿಗೆಯಿಲ್ಲ. ರಂಗವಲ್ಲಿಯನ್ನು ನೆಲದ ಮೇಲೆ ಇಡುತ್ತೇವೆ, ಇದು ನೆಲವನ್ನೇ ಕೊರೆದದ್ದು. ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವರ್ತುಲದ ಮಾದರಿಯನ್ನು ಮಾಡಿ ನೀರು ಹರಿಸಿ ನೋಡಿದರು. ಪ್ರವಾಹವು ಆ ಕಣಿವೆಗಳ ಮೂಲಕ ಹಾದು ನಯವಾದ ಮರಳನ್ನು ನಡುವಿಗೆ ಒಯ್ಯುತ್ತದೆ. ಹೆಣ್ಣು ಬಂದು ತತ್ತಿಯಿಡುವುದು ಆ ನಯವಾದ ಹಾಸಿನ ಮೇಲೆಯೇ.

ಆನಂದವರ್ಧನನ ಮಾತು ಇಲ್ಲಿ ನೆನಪಾಗದೆ ಇರದು. ರಸದಲ್ಲಿ ತೊಡಗಿದ ಕವಿಗೆ ಬೇರೊಂದು ಯತ್ನವಿಲ್ಲದೆ ಒದಗಿ ಬರುವುದೇ ನಿಜವಾದ ಅಲಂಕಾರವೆಂಬುದು ಅವನ ಮತ. ಮೀನಿನ ಕಣಿವೆಗಳು ಈ ಲಕ್ಷಣಕ್ಕೆ ಸಲ್ಲುತ್ತವೆ. ಆದರೆ ಆ ಚಿಪ್ಪಿನ ಚೂರುಗಳು? ಅವನ್ನು ಆಯ್ದು ತಂದು ಇಡುವುದಂತೂ ಬೇರೆ ಯತ್ನವೇ ಸರಿ. ಆನಂದವರ್ಧನನಿಗಿಂತ ಭಾಮಹ ದಂಡಿಗಳಿಗೆ ಈ ಮೀನು ಹೆಚ್ಚು ಪ್ರಿಯವಾಗುತ್ತಿತ್ತೇನೋ!

ಹೆಣ್ಣು ಹೊರಟುಹೋದ ಮೇಲೆ ಗಂಡು ಸುಮಾರು ಆರು ದಿನ ತತ್ತಿಗಳನ್ನು ಕಾಯುತ್ತದೆ. ಅಷ್ಟರಲ್ಲಿ ನೀರು ವರ್ತುಲವನ್ನು ಅಳಿಸತೊಡಗಿರುತ್ತದೆ. ಅದನ್ನು ಮೀನು ರಿಪೇರಿ ಮಾಡುವುದಿಲ್ಲ. ಕಣಿವೆಗಳಲ್ಲಿ ನಯವಾದ ಮರಳು ಮತ್ತೊಂದು ಸಂತತಿಗೆ ಸಾಲುವಷ್ಟು ಉಳಿದಿರುವುದಿಲ್ಲವಾದ್ದರಿಂದ, ಮುಂದಿನ ಬಾರಿಗೆ ಹೊಸ ವರ್ತುಲವೇ ಆಗಬೇಕು.

ಅಮಾಮಿಯ ವರ್ತುಲಗಳು ೩೦ ಮೀಟರಿನೊಳಗಿನ ಆಳದಲ್ಲಿವೆ. ೨೦೧೮ರಲ್ಲಿ ಆಸ್ಟ್ರೇಲಿಯದ ವಾಯವ್ಯ ಕರಾವಳಿಯಾಚೆ, ೧೦೦ ಮೀಟರಿಗೂ ಕೆಳಗೆ, ಮನುಷ್ಯರಿಲ್ಲದ ಯಂತ್ರವೊಂದು ಇಂಥವೇ ವರ್ತುಲಗಳನ್ನು ಚಿತ್ರಿಸಿ ತಂದಿತು. ಮರುವರ್ಷ ಇಳಿಸಿದ ಕ್ಯಾಮೆರಾದ ಕಣ್ಣಿಗೆ ಅಲ್ಲಿಯೂ ಬಿದ್ದದ್ದು ಒಂದು ಪುಟ್ಟ ಉಬ್ಬುಮೀನು. ಬಿಸಿಲು ತೀರ ಮಂಕಾಗಿ ಇಳಿಯುವ ಆ ಆಳದಲ್ಲಿಯೂ ಏರುತಗ್ಗುಗಳು ಅಷ್ಟೇ ಒಪ್ಪವಾಗಿದ್ದವು.